ಚೆಂಡು ಏರಿದರೆ ಸಾಲದು

ಬೈಪಾಸ್ ಇಲ್ಲವೇ ವಾಲ್ವ್ ಆಪರೇಷನ್ ಮುಗಿಸಿ ಬೆಂಗಳೂರಿನ ದೀಪಾಂಜಲಿ ನಗರದ ಮನೆಗೆ ಮರಳುವವರ ಚೀಲದಲ್ಲಿ ಮಾತ್ರೆಗಳ ಜೊತೆ ಉಸಿರಿನ ವ್ಯಾಯಾಮದ ಡಬ್ಬಿ, ಮೂರು ಚೆಂಡಿನ ಸ್ಪೈರೋಮೀಟರ್, ಸಾಮಾನ್ಯವಾಗಿ ಇರುತ್ತದೆ. ‘ದಿನಾ ಬಾಲ್ ಎಳೀರಿ’ ಎಂದು ಹೇಳಿ ಕಳಿಸುವುದು ರೂಢಿ. ಈ ರೂಢಿಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ತೆರೆದ ಹೃದಯದ ಶಸ್ತ್ರಚಿಕಿತ್ಸೆ ಶ್ವಾಸಕೋಶವನ್ನೂ ಬಳಲಿಸುತ್ತದೆ. ಎದೆಮೂಳೆಯನ್ನು ಉದ್ದಕ್ಕೆ ಸೀಳಿ ತಂತಿಯಿಂದ ಬಿಗಿದಿರುತ್ತಾರೆ. ನೋವಿಗೆ ಹೆದರಿ ಜನ ಚಿಕ್ಕ ಚಿಕ್ಕ ಉಸಿರಲ್ಲೇ ಕಾಲ ನೂಕುತ್ತಾರೆ, ಕೆಮ್ಮನ್ನೂ ನುಂಗುತ್ತಾರೆ. ಹಾರ್ಟ್-ಲಂಗ್ ಮಷಿನ್ ಕೆಲಸ ಮಾಡುವಾಗ ಗಾಳಿಯಾಡದ ಶ್ವಾಸಕೋಶದ ತಳಭಾಗ ಕುಸಿದುಕೊಳ್ಳುತ್ತದೆ. ಹೃದಯದ ಸುತ್ತ ಮಂಜುಗಡ್ಡೆ ಬಳಸಿದರೆ, ವಪೆಯನ್ನು ಆಡಿಸುವ ನರ ಕೆಲವರಲ್ಲಿ ವಾರಗಟ್ಟಲೆ ಮಂಕಾಗುತ್ತದೆ. ಹೀಗಾಗಿ ಮೊದಲ ದಿನಗಳಲ್ಲಿ ಶ್ವಾಸದ ಸಾಮರ್ಥ್ಯ ಅರ್ಧದಷ್ಟಕ್ಕೆ ಇಳಿಯುವುದುಂಟು. ಪೂರ್ತಿ ಮರಳಲು ತಿಂಗಳುಗಳೇ ಬೇಕು.

ಇಷ್ಟು ದೊಡ್ಡ ತೊಂದರೆಗೆ ಆ ಡಬ್ಬಿ ಎಷ್ಟು ಉತ್ತರ ಕೊಡುತ್ತದೆ? ಅದರ ಮೇಲೆ ಬರೆದಿರುವ 600, 900, 1200 ಎಂಬ ಅಂಕಿಗಳು ಗಾಳಿ ಎಷ್ಟು ಒಳಹೋಯಿತೆಂದು ಹೇಳುವುದಿಲ್ಲ; ಸೆಕೆಂಡಿಗೆ ಎಷ್ಟು ಮಿಲಿಲೀಟರ್ ವೇಗದಲ್ಲಿ ಹೋಯಿತೆಂದು ಹೇಳುತ್ತವೆ. ರಪ್ಪನೆ ಎಳೆದರೆ ಮೂರೂ ಚೆಂಡು ಹಾರುತ್ತವೆ, ಮನೆಯವರು ‘ಅಪ್ಪ ಹುಷಾರಾದ್ರು’ ಎಂದು ಹಿಗ್ಗುತ್ತಾರೆ. ಕುಸಿದ ತಳಭಾಗ ಅರಳುವುದು ನಿಧಾನವಾಗಿ ಎಳೆದು, ಮೂರು ಸೆಕೆಂಡಾದರೂ ಹಿಡಿದ ಉಸಿರಿನಿಂದ. ಒಂದೇ ಚೆಂಡನ್ನು ಮೇಲೆ ನಿಲ್ಲಿಸಿಕೊಂಡವರೇ ಸರಿಯಾಗಿ ಮಾಡಿದವರು. ಇದನ್ನು ಕೂತು ತೋರಿಸಿಕೊಡದಿದ್ದರೆ ಡಬ್ಬಿ ಬರೀ ಸಮಾಧಾನದ ವಸ್ತು. ಬೈಪಾಸ್ ರೋಗಿಗಳ ಮೇಲಿನ ಪ್ರಯೋಗಗಳನ್ನು ಒಟ್ಟಾಗಿ ತೂಗಿದ 2012ರ ಕಾಕ್ರೇನ್ ವಿಮರ್ಶೆಗೂ ಸ್ಪೈರೋಮೀಟರ್‌ನಿಂದ ಶ್ವಾಸಕೋಶದ ತೊಡಕು ಕಡಿಮೆಯಾಗುತ್ತದೆಂಬ ಪುರಾವೆ ಸಿಗಲಿಲ್ಲ.

ನನ್ನ ಮುಖ್ಯ ತಕರಾರು ಹೊತ್ತಿನದು. ನಾವು ಕಲಿಸುವುದೇ ತಡ. ನೆದರ್ಲೆಂಡ್ಸ್‌ನಲ್ಲಿ ಅಪಾಯ ಹೆಚ್ಚಿದ್ದ 279 ಬೈಪಾಸ್ ರೋಗಿಗಳ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ, ಉಸಿರೆಳೆಯುವಾಗ ತಡೆಯೊಡ್ಡುವ ಬೇರೆ ಬಗೆಯ ಉಪಕರಣದಿಂದ ತಾಲೀಮು ಮಾಡಿದವರಲ್ಲಿ ಶ್ವಾಸಕೋಶದ ತೊಡಕು ಶೇ 18; ಮಾಡದವರಲ್ಲಿ ಶೇ 35.

ನಮ್ಮಲ್ಲೂ ಆಪರೇಷನ್ ದಿನ ಗೊತ್ತಾಗುವವರೆಗೆ ಕಾಯುವವರಿದ್ದಾರೆ. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ ಮತ್ತು ಆರ್.ವಿ. ರೋಡ್‌ನಲ್ಲಿ ಬದಲಿಸಿದರೆ ಜಯದೇವ ಹೃದ್ರೋಗ ಆಸ್ಪತ್ರೆಯ ನಿಲ್ದಾಣದಲ್ಲೇ ಇಳಿಯಬಹುದು. 2025ರ ಆಗಸ್ಟ್‌ನಿಂದ ಆ ಅನುಕೂಲವಿದೆ. ತಪಾಸಣೆಗೆ ಹೇಗೂ ಹೋಗುವ ದಿನವೇ, ವೈದ್ಯರು ಒಪ್ಪಿದವರಿಗೆ, ಉಸಿರಿನ ತಾಲೀಮಿಗೆ ಫಿಸಿಯೋಥೆರಪಿಸ್ಟ್ ಅರ್ಧ ಗಂಟೆ ಕೊಡಲಿ. ದಿಂಬನ್ನು ಎದೆಗೊತ್ತಿಕೊಂಡು ಕೆಮ್ಮುವುದನ್ನು ಕನ್ನಡದಲ್ಲಿ ಹೇಳಿ, ಮಾಡಿಸಿ ನೋಡಲಿ. ಜೊತೆಗೆ ಬಂದ ಮಗಳೋ ಸೊಸೆಯೋ ಅದನ್ನು ಕಲಿಯಲಿ, ಮನೆಯಲ್ಲಿ ತಪ್ಪು ತಿದ್ದುವವರು ಅವರೇ.