ತಾಮ್ರದ ಹದವಾದ ಹಿಡಿತ

1980ರ ದಶಕದಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದ ಯೋಶಿಯೊ ಹೋರಿ ಮತ್ತು ಸಂಗಡಿಗರು ಒಂದೊಂದೇ ಲೋಹವನ್ನು ಬೈಕಾರ್ಬೊನೇಟ್ ದ್ರಾವಣಕ್ಕೆ ಇಳಿಸಿ, ಕಾರ್ಬನ್ ಡೈಆಕ್ಸೈಡ್ ಹಾಯಿಸಿ, ವಿದ್ಯುತ್ ಹರಿಸಿ, ಹುಟ್ಟಿದ್ದನ್ನೆಲ್ಲ ತಾಳ್ಮೆಯಿಂದ ಅಳೆದರು. ಚಿನ್ನ, ಬೆಳ್ಳಿ ಕೊಟ್ಟದ್ದು ಬಹುಪಾಲು ಕಾರ್ಬನ್ ಮಾನಾಕ್ಸೈಡ್. ತವರ, ಸೀಸ ಕೊಟ್ಟದ್ದು ಫಾರ್ಮೇಟ್. ದುಬಾರಿ ಪ್ಲಾಟಿನಂನಿಂದ ಬಂದದ್ದು ಹೆಚ್ಚಾಗಿ ನೀರಿನೊಳಗಿನ ಹೈಡ್ರೋಜನ್ನೇ. ಹಂಡೆ, ಬಿಂದಿಗೆಗಳ ತಾಮ್ರ ಮಾತ್ರ ಮೀಥೇನ್, ಎಥಿಲೀನ್, ಎಥನಾಲ್‌ವರೆಗೆ ಹೋಯಿತು.

ಈ ಲೋಹದ ಮೇಲೆ ನನಗೆ ತುಂಬು ಗೌರವ. ಅದರ ಗುಟ್ಟಿರುವುದು ಹಿಡಿತದ ಹದದಲ್ಲಿ. ನಡುವೆ ಹುಟ್ಟುವ ಕಾರ್ಬನ್ ಮಾನಾಕ್ಸೈಡನ್ನು ಚಿನ್ನ ಬೇಗ ಬಿಟ್ಟುಬಿಡುತ್ತದೆ. ಪ್ಲಾಟಿನಂ ಬಿಗಿಯಾಗಿ ಹಿಡಿದು ತನ್ನ ಮೈಯನ್ನೇ ಮುಚ್ಚಿಕೊಳ್ಳುತ್ತದೆ. ತಾಮ್ರವಾದರೋ ಮಗ್ಗುಲಿನ ಇನ್ನೊಂದು ಅಣು ಬಂದು ಕೂಡಿಕೊಳ್ಳುವಷ್ಟು ಹೊತ್ತು ಇಟ್ಟುಕೊಳ್ಳುತ್ತದೆ. ಹಾಗೆ ಎರಡು ಇಂಗಾಲ ಬೆಸೆದು ಒಂದು ಎಥಿಲೀನ್ ಅಣುವಾಗಲು 12 ಎಲೆಕ್ಟ್ರಾನುಗಳು ಬೇಕು. ಪಾಲಿಥೀನಿನ ಈ ಮೂಲವಸ್ತುವನ್ನು ಕಾರ್ಖಾನೆಗಳು ಸುಮಾರು 800 ಡಿಗ್ರಿ ಶಾಖದಲ್ಲಿ ನಾಫ್ತಾ ಮುಂತಾದವನ್ನು ಒಡೆದು ತೆಗೆಯುತ್ತವೆ. ಇಲ್ಲಿ ಅದು ಕೋಣೆಯ ಉಷ್ಣತೆಯಲ್ಲೇ ಹುಟ್ಟುತ್ತದೆ!

ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಇದಕ್ಕೆಲ್ಲ ಅರ್ಥವಿಲ್ಲ, ನಿಜ. ತಾಮ್ರ ಹಲವನ್ನು ಬೆರಸಿಯೇ ಕೊಡುವುದರಿಂದ ಬೇರ್ಪಡಿಸುವ ಖರ್ಚೂ ಇದೆ. ಆದರೆ ಅದನ್ನು ಪಳಗಿಸಬಹುದೆಂದು ಹೋರಿ ಅವರೇ ಮುಂದೆ ತೋರಿಸಿದರು: ಮೇಲ್ಮೈಯ ಪರಮಾಣುಗಳು ಚೌಕವಾಗಿ ಕುಳಿತಿದ್ದರೆ ಎಥಿಲೀನ್ ಹೆಚ್ಚು, ತ್ರಿಕೋನವಾಗಿ ಕುಳಿತಿದ್ದರೆ ಮೀಥೇನ್ ಹೆಚ್ಚು.