ಎರಡು ಚರಣದ ಪದ್ಯ

ಸಾಹಿತ್ಯದ ಪುಟದಲ್ಲಿ ಕಾಲ್ಚೆಂಡಾಟದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆಟದ ಸುದ್ದಿಗೆ ಪತ್ರಿಕೆಯಲ್ಲಿ ಅದರದೇ ಆದ ಪುಟವಿದೆ. ಅಲ್ಲಿ ಅದು ಸುಖವಾಗಿಯೂ ಇದೆ. ಆದರೆ ನಾನಿಲ್ಲಿ ವಿಚಾರಿಸಹೊರಟಿರುವುದು ಯಾರು ಗೆದ್ದರು, ಯಾರು ಸೋತರು ಎಂಬುದನ್ನಲ್ಲ, ಒಂದು ರೂಪವನ್ನು. ನಾಟಕಕ್ಕೆ ಅಂಕ, ಕಾವ್ಯಕ್ಕೆ ಛಂದಸ್ಸು ಇರುವಂತೆ ಆಟಕ್ಕೂ ಒಂದು ಕಟ್ಟು ಉಂಟು. ಕಟ್ಟು ಬದಲಾದರೆ ರಸವೂ ಬದಲಾಗುತ್ತದೆ. 'ನಿಮ್ಮೂರಲ್ಲಿ ಒಂದು, ನಮ್ಮೂರಲ್ಲಿ ಒಂದು' ಎಂದು ಎರಡು ಪಂದ್ಯಗಳಲ್ಲಿ ಚಾಂಪಿಯನ್ನರ ಹಿರಿತನವನ್ನು ತೀರ್ಮಾನಿಸುವ ಪದ್ಧತಿ ಅಂಥದೊಂದು ಕಟ್ಟು. ಖಂಡಖಂಡಗಳ ಚಾಂಪಿಯನ್ ಕ್ಲಬ್ಬುಗಳು ಎದುರುಬದುರಾಗುವ ಕಣದಿಂದ ಅದು ಮರೆಯಾಗಿ ದಶಕಗಳೇ ಕಳೆದಿವೆ. ಹೀಗೆ ಮರೆಯಾದದ್ದು ಒಳ್ಳೆಯದಾಯಿತೆ ಎಂಬುದು ನನ್ನ ಪ್ರಶ್ನೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನವರು ಇಂಥ ಒಂದೊಂದು ಪಂದ್ಯವನ್ನೂ 'ಲೆಗ್' ಎನ್ನುತ್ತಾರೆ. ನಮ್ಮ ಪತ್ರಿಕೆಗಳೂ ಅದನ್ನು ಹಾಗೆಯೇ ಅಚ್ಚು ಹಾಕುತ್ತವೆ. ನಾನು ಅದನ್ನು 'ಚರಣ' ಎಂದು ಕರೆಯಬಯಸುತ್ತೇನೆ. ಚರಣವೆಂದರೆ ಕಾಲು, ಪದ್ಯದ ಪಾದವೂ ಹೌದು. ಇದು ಬರಿಯ ಶ್ಲೇಷೆಯಲ್ಲ. ನಮ್ಮ ಹಳೆಯ ಛಂದಸ್ಸಿನಲ್ಲಿ ಎರಡನೆಯ ಅಕ್ಷರದ ಪ್ರಾಸವನ್ನು ಪಾಲಿಸುತ್ತಿದ್ದರಷ್ಟೆ. ಮೊದಲ ಪಾದವನ್ನು ಓದಿದಾಗ ಆ ಅಕ್ಷರ ಬರಿಯ ಅಕ್ಷರ. ಎರಡನೆಯ ಪಾದ ಬಂದು ಅದೇ ವ್ಯಂಜನವನ್ನು ನುಡಿದಾಗಲೇ ಅದು ಪ್ರಾಸವಾಗಿತ್ತೆಂದು ತಿಳಿಯುವುದು. ಮುಂದಿನದು ಬಂದು ಹಿಂದಿನದಕ್ಕೆ ಅರ್ಥ ಕೊಡುತ್ತದೆ. ಎರಡು ಚರಣದ ಪಂದ್ಯದ ಸ್ವಾರಸ್ಯವೂ ಇದೇ. ಮೊದಲ ದಿನ ಪರಸ್ಥಳದಲ್ಲಿ ಹೊಡೆದ ಒಂದು ಗೋಲಿನ ಬೆಲೆ ಎಷ್ಟೆಂಬುದು ಆ ದಿನ ಯಾರಿಗೂ ತಿಳಿಯದು.

ಐರೋಪ್ಯ ಚಾಂಪಿಯನ್ನರೂ ದಕ್ಷಿಣ ಅಮೆರಿಕದ ಚಾಂಪಿಯನ್ನರೂ ಹೀಗೆ ಸೆಣಸಲು ಆರಂಭಿಸಿದ್ದು 1960ರಲ್ಲಿ. ಆ ವರ್ಷ ಉರುಗ್ವೆಯ ಪೆನರೋಲ್ ತನ್ನೂರಾದ ಮಾಂಟೆವಿಡಿಯೋದಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಗೋಲಿಲ್ಲದೆ ತಡೆದು ನಿಲ್ಲಿಸಿತು. ಮ್ಯಾಡ್ರಿಡ್‌ನಲ್ಲಿ 5-1ರಿಂದ ಸೋತಿತು. 1962ರಲ್ಲಿ ಬ್ರೆಜಿಲಿನ ಸ್ಯಾಂಟೋಸ್ ತಂಡ ಪೋರ್ಚುಗಲ್ಲಿನ ಬೆನ್ಫಿಕಾವನ್ನು ಮೊದಲು 3-2ರಿಂದ ಸೋಲಿಸಿತು. ಒಂದು ಗೋಲಿನ ಅಂತರ; ಲಿಸ್ಬನ್ನಿನ ಜನ ತಮ್ಮ ಅಂಗಳದಲ್ಲಿ ಅದನ್ನು ತೀರಿಸಿಬಿಡುತ್ತೇವೆಂದು ನಂಬಿದ್ದರೆ ತಪ್ಪಿಲ್ಲ. ಆದರೆ ಆ ರಾತ್ರಿ ಪೆಲೆ ಮೂರು ಗೋಲು ಹೊಡೆದ. ಸ್ಯಾಂಟೋಸ್ 5-2ರಿಂದ ಗೆದ್ದಿತು. ಪರರ ಮನೆಯಲ್ಲಿ, ಪರರ ಗದ್ದಲದ ನಡುವೆ ಹೊಡೆದ ಮೂರು ಗೋಲು! ಮನೆಯಂಗಳದಲ್ಲಿ ಮಾತ್ರ ಶೂರನಾದವನಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಈ ಸಾಕ್ಷಿಯನ್ನು ಕೊಡಿಸುವ ಶಕ್ತಿ ಎರಡು ಚರಣದ ಕಟ್ಟಿಗೆ ಮಾತ್ರ ಇದೆ.

ಆದರೆ ಆಗಿನ ನಿಯಮದಲ್ಲಿ ಒಂದು ದೋಷವಿತ್ತು. ಅಂದು ಎಣಿಸುತ್ತಿದ್ದುದು ಗೋಲುಗಳನ್ನಲ್ಲ, ಗೆಲುವಿನ ಅಂಕಗಳನ್ನು. 1961ರಲ್ಲಿ ಪೆನರೋಲ್ ಲಿಸ್ಬನ್ನಿನಲ್ಲಿ ಬೆನ್ಫಿಕಾಗೆ 1-0ಯಿಂದ ಸೋತು, ಮಾಂಟೆವಿಡಿಯೋದಲ್ಲಿ 5-0ಯಿಂದ ಗೆದ್ದಿತು. ಒಟ್ಟು ಲೆಕ್ಕ 5-1. ಆದರೂ ಇಬ್ಬರೂ ಸಮ ಎಂದಾಯಿತು, ಮೂರನೆಯ ಪಂದ್ಯ ಆಡಬೇಕಾಯಿತು! ಅದನ್ನು ಪೆನರೋಲ್ 2-1ರಿಂದ ಗೆದ್ದದ್ದರಿಂದ ನ್ಯಾಯ ಕೆಡಲಿಲ್ಲ, ಅಷ್ಟೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರು ನೋಡಿರುತ್ತಾರೆ: ನೂಲು ಬಿಚ್ಚುವ ಅನುಭವಿ ಮೇಲಿನ ಒಂದು ಹಿಡಿ ಗೂಡನ್ನು ನೋಡಿ ಬೆಲೆ ಕೂಗುವುದಿಲ್ಲ, ರಾಶಿಯೊಳಕ್ಕೆ ಕೈಯಿಟ್ಟು ತಳದ ಗೂಡನ್ನೂ ಎತ್ತಿ ನೋಡುತ್ತಾನೆ. ಎರಡು ಪಂದ್ಯಗಳನ್ನು ಬೇರೆ ಬೇರೆ ಎರಡು ಪದ್ಯಗಳೆಂದು ಓದಿದರೆ ಅಂಕದ ಲೆಕ್ಕ ಸರಿ. ಒಂದೇ ಪದ್ಯದ ಎರಡು ಪಾದಗಳೆಂದು ಓದಿದರೆ ಗೋಲುಗಳ ಮೊತ್ತವೇ ಸರಿ. ಈ ಎರಡನೆಯ ಓದನ್ನು ನಿಯಮ ಕೊನೆಗೂ ಒಪ್ಪಿದ್ದು 1969ರಲ್ಲಿ. ಆ ವರ್ಷ ಇಟಲಿಯ ಮಿಲಾನ್ ಮೊದಲು 3-0ಯಿಂದ ಗೆದ್ದು, ಅರ್ಜೆಂಟೀನಕ್ಕೆ ಹೋಗಿ ಎಸ್ತೂದಿಯಾಂತೆಸ್ ತಂಡಕ್ಕೆ 2-1ರಿಂದ ಸೋತರೂ 4-2ರ ಮೊತ್ತದಿಂದ ಕಪ್ಪನ್ನು ತಂದಿತು.

ವಿಷಾದದ ಸಂಗತಿಯೆಂದರೆ ಲೆಕ್ಕ ತಿದ್ದಿದ ವರ್ಷವೇ ನಡತೆ ಕೆಟ್ಟದ್ದು ಎದ್ದು ಕಂಡಿತು. ಅದಕ್ಕೆ ಮುನ್ನುಡಿ 1967ರಲ್ಲೇ ಬರೆದಾಗಿತ್ತು. ಗ್ಲಾಸ್ಗೋದ ಸೆಲ್ಟಿಕ್ ತಂಡ ಬ್ಯೂನಸ್ ಐರಿಸ್ಸಿಗೆ ಹೋದಾಗ, ಆಟ ಆರಂಭವಾಗುವ ಮುನ್ನವೇ ಅದರ ಗೋಲ್‌ಕೀಪರ್ ಸಿಂಪ್ಸನ್‌ನ ತಲೆಗೆ ಏನೋ ಬಂದು ಬಡಿಯಿತು, ಆತ ಆಡಲಾಗಲಿಲ್ಲ. ಮಾಂಟೆವಿಡಿಯೋದ ಮೂರನೆಯ ಪಂದ್ಯದಲ್ಲಂತೂ ಎರಡೂ ಕಡೆಯವರು ಆಟವನ್ನು ಮರೆತು ಹೊಡೆದಾಟಕ್ಕಿಳಿದರು. ಗೆದ್ದದ್ದು ಅರ್ಜೆಂಟೀನದ ರೇಸಿಂಗ್ ಆದರೂ ಸೋತದ್ದು ಇಬ್ಬರೂ. 1969ರ ಎರಡನೆಯ ಚರಣದಲ್ಲಿ ಮಿಲಾನಿನ ಕೊಂಬಾನ್ ರಕ್ತಸಿಕ್ತ ಮುಖದೊಡನೆ ಹೊರಬಂದ. ಎಸ್ತೂದಿಯಾಂತೆಸ್‌ನ ಆಟಗಾರರು ತಮ್ಮ ದೇಶದ ಸೆರೆಮನೆಯನ್ನೇ ನೋಡಬೇಕಾಯಿತು. ಆಮೇಲೆ ಯೂರೋಪಿನವರು ಬರಲು ಹಿಂದೆಗೆದರು. 1971ರಲ್ಲಿ ಆಯಾಕ್ಸ್ ಹೋಗಲಿಲ್ಲ. ಅದರ ಬದಲು ಗ್ರೀಸಿನ ಪನಥಿನೈಕೋಸ್ ಹೋಯಿತು. 1975ರಲ್ಲೂ 1978ರಲ್ಲೂ ಪಂದ್ಯವೇ ನಡೆಯಲಿಲ್ಲ. ಕೊನೆಗೆ 1980ರ ಕಪ್ಪಿನಿಂದ 2004ರ ವರೆಗೆ ಇಬ್ಬರನ್ನೂ ಜಪಾನಿಗೆ ಕರೆದೊಯ್ದು ಒಂದೇ ಪಂದ್ಯ ಆಡಿಸಿದರು. ಇಬ್ಬರಿಗೂ ದೂರದ ನೆಲ, ಇಬ್ಬರಿಗೂ ಅಪರಿಚಿತ ಜನ. ಜಗಳ ನಿಂತಿತು.

ಒಂದೇ ಪಂದ್ಯದ ಪಕ್ಷಪಾತಿಗಳ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಂದೇ ರಾತ್ರಿ, ಒಂದೇ ತೀರ್ಪು. ಅದರಲ್ಲಿ ವೀರರಸದ ಉತ್ಕಟತೆ ಇದೆ. ಎರಡು ಚರಣವಾದರೆ ಮೊದಲನೆಯದರಲ್ಲಿ ಎಚ್ಚರಿಕೆಯ ಆಟ, ಲೆಕ್ಕಾಚಾರದ ಆಟ. ಎಷ್ಟೋ ಸಲ ನೀರಸ. ಇದೆಲ್ಲ ನಿಜ. ಆದರೆ ಜಗಳ ನಿಂತದ್ದು ನ್ಯಾಯ ಸಿಕ್ಕಿದ್ದರಿಂದಲ್ಲ, ಮನೆ ಎಂಬುದನ್ನೇ ಕಿತ್ತುಹಾಕಿದ್ದರಿಂದ. ಮಹಾಭಾರತದ ಜೂಜನ್ನು ನೆನೆಯಿರಿ. ಅದೂ ಎರಡು ಸಲ ನಡೆಯಿತು; ದ್ಯೂತ, ಅನುದ್ಯೂತ. ಆದರೆ ಎರಡೂ ನಡೆದದ್ದು ಹಸ್ತಿನಾವತಿಯಲ್ಲೇ. ಇಂದ್ರಪ್ರಸ್ಥದ ಹಾದಿ ಹಿಡಿದಿದ್ದ ಧರ್ಮರಾಯನನ್ನು ಮತ್ತೆ ಅದೇ ಸಭೆಗೆ ಕರೆತಂದರು. ಅದೇ ಶಕುನಿ, ಅದೇ ದಾಳ. ಒಂದು ಸಲ ಇಂದ್ರಪ್ರಸ್ಥದಲ್ಲಿ ಹಾಸು ಹಾಸಿ ಆಡಿದ್ದರೆ ಎಂದು ಯಾರೂ ಕೇಳಲಿಲ್ಲ. ಮರು ಆಟವೆಂದರೆ ಎರಡನೆಯ ಸಲ ಆಡುವುದಲ್ಲ, ಅತಿಥಿಯಾಗಿದ್ದವನು ಆತಿಥೇಯನಾಗುವುದು. ಆ ಪಾತ್ರ ಬದಲಾವಣೆಯೇ ಈ ರೂಪದ ಜೀವ.

ಇದೆಲ್ಲ ದೂರದ ಮಾತಾಯಿತು. ನಮ್ಮ ಹತ್ತಿರದ್ದನ್ನೇ ನೋಡೋಣ. ಬೆಂಗಳೂರು ಎಫ್‌ಸಿ 2016ರಲ್ಲಿ ಎಎಫ್‌ಸಿ ಕಪ್ಪಿನ ಸೆಮಿಫೈನಲಿನಲ್ಲಿ ಹಿಂದಿನ ವರ್ಷದ ವಿಜೇತ, ಮಲೇಷ್ಯದ ಜೊಹೊರ್ ತಂಡವನ್ನು ಎದುರಿಸಿತು. ಅಲ್ಲಿ 1-1, ಕಂಠೀರವದಲ್ಲಿ 3-1. ಏಷ್ಯದ ಈ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಕೀರ್ತಿ ನಮ್ಮ ರಾಜಧಾನಿಗೆ ಬಂದದ್ದು ಎರಡು ಚರಣದ ಗೆಲುವಿನಿಂದ. ಫೈನಲ್ ದೋಹಾದಲ್ಲಿ, ಒಂದೇ ಪಂದ್ಯ. ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋಲು. ಮರುವರ್ಷ ಅದೇ ಕಪ್ಪಿನ ವಲಯಾಂತರ ಫೈನಲಿನಲ್ಲಿ, ಅಂದರೆ ವಲಯಗಳ ವಿಜೇತರ ನಡುವಿನ ಸೆಣಸಿನಲ್ಲಿ, ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರಾಯಿತು. ಇದು ಎರಡು ಚರಣದ್ದು. ಅಲ್ಲಿ 0-1. ಇಲ್ಲಿಯ ಪಂದ್ಯ 2017ರ ಅಕ್ಟೋಬರಿನಲ್ಲಿ, ದೀಪಾವಳಿಯ ಹೊತ್ತಿಗೆ ಬಂದಿತು.

ಹಬ್ಬದ ಮನೆಯನ್ನು ಬಿಟ್ಟು ನಾನು ಚಿಂತಾಮಣಿಯಿಂದ ಬಸ್ಸು ಹತ್ತಿದೆ. 'ಹಬ್ಬದ ದಿನ ಚೆಂಡು ನೋಡೋಕೆ ಹೋಗ್ತೀಯೇನಪ್ಪ!' ಎಂದು ತಾಯಿ ಗೊಣಗಿದರು. ಪಂದ್ಯ 2-2ರಲ್ಲಿ ಮುಗಿಯಿತು, ಮೊತ್ತ 2-3. ಆ ರಾತ್ರಿ ನಾವು ಸೋಲಲಿಲ್ಲ, ಆದರೂ ಸೋತಿದ್ದೆವು. ಸೀಟಿಯಾದ ಮೇಲೆ ಕಂಠೀರವದ ಮೆಟ್ಟಿಲುಗಳ ಮೇಲೆ ಉಂಟಾದ ಆ ವಿಚಿತ್ರ ಮೌನವನ್ನು ಒಂದೇ ಪಂದ್ಯದ ಸೋಲಿನಲ್ಲಿ ನಾನು ಕಂಡಿಲ್ಲ. ಇಲ್ಲಿ ಕೂತವರೆಲ್ಲ ಆ ಹೊತ್ತಿನಲ್ಲಿ, ತಾವು ನೋಡದಿದ್ದ ದೂರದ ಊರಿನ ಒಂದು ಗೋಲನ್ನು ನೆನೆಯುತ್ತಿದ್ದರು. ಪ್ರಾಸ ಕೂಡಿತ್ತು, ನಮ್ಮ ಪರವಾಗಿ ಅಲ್ಲ. ಹೊಸಕೋಟೆ ದಾಟುವಾಗ ರಸ್ತೆಯ ಎರಡು ಬದಿಯಲ್ಲೂ ಪಟಾಕಿ ಸಿಡಿಯುತ್ತಿತ್ತು.

ಇನ್ನು ಆಟದ ಬರವಣಿಗೆಯ ವಿಷಯ. ಎರಡನೆಯ ಚರಣವೆಂದೊಡನೆ ನಮ್ಮ ವರದಿಗಾರರ ಲೇಖನಿಗೆ ಮೊದಲು ಸಿಗುವ ಪದ 'ಸೇಡು'. ಸೇಡಿನ ಸಮರ, ಸೇಡು ತೀರಿಸಿಕೊಳ್ಳುವ ತವಕ, ಸೇಡಿಗೆ ಸಜ್ಜು. ಈ ಪದ ಆಟಕ್ಕೆ ಅನುಚಿತವೆಂದು ನನ್ನ ಅಭಿಪ್ರಾಯ. ಸೇಡು ಎಂದರೆ ಅನ್ಯಾಯಕ್ಕೆ ಪ್ರತಿಯಾದ ಅನ್ಯಾಯ, ಅದಕ್ಕೆ ಕೊನೆಯಿಲ್ಲ. ಮರುಪಂದ್ಯವಾದರೋ ಕೊನೆಗಾಣಿಸಲೆಂದೇ ಹುಟ್ಟಿದ್ದು. ಮುಯ್ಯಿ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಮದುವೆಮನೆಯಲ್ಲಿ ಅವರು ಮಾಡಿದ್ದನ್ನು ನಾವು ನಮ್ಮ ಮನೆಯ ಕಾರ್ಯ ಬಂದಾಗ ಹಿಂದಿರುಗಿಸುವುದು ಮುಯ್ಯಿ. ಅದರಲ್ಲಿ ಲೆಕ್ಕವೂ ಇದೆ, ಮರ್ಯಾದೆಯೂ ಇದೆ. 1967ರಲ್ಲಿ ಬ್ಯೂನಸ್ ಐರಿಸ್ಸಿನಲ್ಲಿ ಕಂಡದ್ದು ಸೇಡು. 1962ರಲ್ಲಿ ಲಿಸ್ಬನ್ನಿನಲ್ಲಿ ಕಂಡದ್ದು ಆಟ.

ಇಷ್ಟು ಖಂಡಿತವಾಗಿ ಬರೆಯುವ ಅಧಿಕಾರ ನನಗೆಲ್ಲಿಂದ ಬಂತು ಎಂದು ಕೇಳಿದರೆ, ಒಂದು ತಪ್ಪಿನಿಂದ ಬಂತು ಎನ್ನಬೇಕು. ಹೈಸ್ಕೂಲಿನಲ್ಲಿದ್ದಾಗ ನಮಗೂ ಪಕ್ಕದ ತಾಲ್ಲೂಕಿನ ಒಂದು ಹಳ್ಳಿಯ ಹುಡುಗರಿಗೂ ಕಬಡ್ಡಿ ಪಂದ್ಯ ಗೊತ್ತಾಯಿತು; ಒಂದು ನಮ್ಮಲ್ಲಿ, ಒಂದು ಅವರಲ್ಲಿ. ನಮ್ಮ ಅಂಗಳದಲ್ಲಿ ಸುಣ್ಣದ ಗೆರೆ ಎಳೆದವನು ನಾನೇ. ಆಟ ಬಿಸಿಯೇರಿದಾಗ ನಮ್ಮ ಜನ ಒತ್ತರಿಸಿ ಗೆರೆಯ ಮೇಲೆ ನಿಂತರು. ಅವರ ಹುಡುಗನೊಬ್ಬ ಒಳಗೇ ಇದ್ದಾಗ ಹೊರಗೆ ಹೋದನೆಂದು ಕೂಗಿದರು. ಗೆರೆ ಎಲ್ಲಿತ್ತೆಂದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ನಾವು ಗೆದ್ದೆವು. ಹೊರಡುವಾಗ ಅವರ ನಾಯಕ ನನ್ನ ಕೈ ಹಿಡಿದು, 'ನಮ್ಮೂರಿಗೆ ಬನ್ನಿ ಅಣ್ಣ, ಊಟ ಅಲ್ಲೇ' ಎಂದ. ಅದರಲ್ಲಿ ಕೊಂಕಿರಲಿಲ್ಲ. ಮುಂದಿನ ವಾರ ಮಳೆ ಎಂದೆವು. ಅದರ ಮುಂದಿನ ವಾರ ಪರೀಕ್ಷೆ ಎಂದೆವು. ನಾವು ಹೋಗಲೇ ಇಲ್ಲ.

ಆ ಗೆಲುವು ಈಗಲೂ ನನ್ನ ಲೆಕ್ಕದಲ್ಲಿ ಜಮೆಯಾಗಿಲ್ಲ. ಅವರ ಅಂಗಳದಲ್ಲಿ ಸೋತು ಬಂದಿದ್ದರೆ ಹಗುರವಾಗಿರುತ್ತಿದ್ದೆ; ಗೆದ್ದು ಬಂದಿದ್ದರೆ ಆ ಗೆರೆಯ ಮಾತು ಮರೆತೇಹೋಗುತ್ತಿತ್ತೋ ಏನೋ. ಎರಡೂ ಆಗಲಿಲ್ಲ. ಹೋಗದೆ ಉಳಿದ ಆಯಾಕ್ಸ್ ತಂಡವನ್ನು ಕುರಿತು ಓದಿದಾಗ ನಾನು ಅವರನ್ನು ಪೂರ್ತಿ ದೂರಲಾರೆ. ಅವರಿಗೆ ಪೆಟ್ಟಿನ ಭಯವಿತ್ತು. ನಮಗಿದ್ದದ್ದು ನ್ಯಾಯದ ಭಯ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಎರಡು ಚರಣದ ಫೈನಲ್ ದೀರ್ಘ, ದುಬಾರಿ, ಕೆಲವೊಮ್ಮೆ ನೀರಸ. ಆಡುವವರೂ ನೋಡುವವರೂ ಕೆಟ್ಟರೆ ಅದೂ ಕೆಡುತ್ತದೆ. ಆದರೂ ಗೆದ್ದವನನ್ನು ಸೋತವನ ಅಂಗಳಕ್ಕೆ ಕರೆದೊಯ್ದು ನಿಲ್ಲಿಸುವ ಕಟ್ಟು ಅದೊಂದೇ. ದೊಡ್ಡ ಕಪ್ಪುಗಳ ಯಜಮಾನರು ನನ್ನ ಮಾತನ್ನು ಕೇಳುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಮಕ್ಕಳಿಗೆ ಪಂದ್ಯ ಏರ್ಪಡಿಸುವ ಮೇಷ್ಟ್ರುಗಳಾದರೂ ಕೇಳಲಿ: ಒಂದು ನಿಮ್ಮಲ್ಲಿ ಆಡಿಸಿ, ಒಂದು ಅವರಲ್ಲಿ. ಮತ್ತು ಎರಡನೆಯದಕ್ಕೆ ತಪ್ಪದೆ ಹೋಗಿ.