ನಾಲ್ಕು ಊರುಗಳ ಊಟದ ಮನೆಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಊರುಗಳು ಇಂದು ದಾವಣಗೆರೆ ಜಿಲ್ಲೆಯೊಂದರಲ್ಲಿಯೇ ಸೇರಿಕೊಂಡಿವೆಯಾದರೂ, ಅವು ಒಂದೇ ಬಗೆಯ ಅನ್ನವನ್ನುಂಡು ಬೆಳೆದವುಗಳಲ್ಲ. 1997ರ ಆಗಸ್ಟ್ 15ರಂದು ಈ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗವನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ಬಂದು ಇದಕ್ಕೆ ಸೇರಿದವು. ಹೊನ್ನಾಳಿ ತಾಲ್ಲೂಕಿಗೆ ಒಳಪಟ್ಟಿದ್ದ ನ್ಯಾಮತಿ ತನ್ನದೇ ಆದ ತಾಲ್ಲೂಕು ಕಚೇರಿಯನ್ನು ಕಂಡದ್ದು ಅದಾದ ಎರಡು ದಶಕಗಳ ತರುವಾಯ. ಸೂಳೆಕೆರೆಯೆಂದು ಜನರ ಬಾಯಲ್ಲಿಯೂ ಶಾಂತಿಸಾಗರವೆಂದು ಕಾಗದಪತ್ರಗಳಲ್ಲಿಯೂ ಪ್ರಸಿದ್ಧವಾದ ಮಹಾತಟಾಕವನ್ನು ತನ್ನ ಸೀಮೆಯಲ್ಲಿರಿಸಿಕೊಂಡ ಚನ್ನಗಿರಿ ಅಡಕೆಯ ಊರು. ತುಂಗಭದ್ರೆಯ ದಡದ ಹೊನ್ನಾಳಿ ಬತ್ತದ ಊರು. ಮಲೆನಾಡಿನ ಸರಕನ್ನು ಬಯಲಿಗೂ ಬಯಲಿನ ಸರಕನ್ನು ಮಲೆನಾಡಿಗೂ ದಾಟಿಸಿ ಬಾಳಿದ ನ್ಯಾಮತಿ ಪೇಟೆಯ ಊರು. ಮಳೆಯ ದಾರಿಯನ್ನೇ ಕಾಯುತ್ತಿರುವ ಜಗಳೂರು ಜೋಳ, ಶೇಂಗಾ, ಈರುಳ್ಳಿಗಳ ಊರು. ಇಷ್ಟು ಭಿನ್ನವಾದ ನೆಲಗಳಲ್ಲಿ ಹಸಿದು ಬಂದ ಅಪರಿಚಿತನೊಬ್ಬನು ನಾಲ್ಕು ಭಿನ್ನವಾದ ಊಟಗಳನ್ನು ನಿರೀಕ್ಷಿಸಿದನಾದರೆ ಅದು ಅತ್ಯಾಸೆಯೆನಿಸಲಾರದು. ಆದರೆ ಬಸ್ ನಿಲ್ದಾಣದ ಎದುರಿನ ಹೋಟೆಲುಗಳ ಗೋಡೆಯ ಮೇಲಿನ ಹಲಗೆಗಳನ್ನು ಓದುತ್ತ ಹೋದವನಿಗೆ, ಬೆಲೆಯ ಅಂಕಿಗಳ ಹೊರತು ಮಿಕ್ಕುದೆಲ್ಲ ಒಂದೇ ಲೇಖನಿಯಿಂದ ಬಂದಂತೆ ಕಾಣುವುದು: ಇಡ್ಲಿ, ವಡೆ, ಪೂರಿ, ರೈಸ್ ಬಾತ್, ಸೆಟ್ ದೋಸೆ, ಮಸಾಲೆ ದೋಸೆ, ಮಧ್ಯಾಹ್ನಕ್ಕೆ ಮೀಲ್ಸ್, ಸಂಜೆಗೆ ಗೋಬಿ. ಈ ಏಕರೂಪತೆಯೇ ನನ್ನ ಮುಖ್ಯ ಆಕ್ಷೇಪ.

ಆ ಹಲಗೆಯನ್ನು ಹಳಿಯುವ ಮೊದಲು ಅದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವುದು ನ್ಯಾಯ. ದಕ್ಷಿಣ ಕನ್ನಡದಿಂದ ಘಟ್ಟವೇರಿ ಬಂದ ಉಡುಪಿಯ ಕಡೆಯ ಅಡಿಗೆಯವರು ಕನ್ನಡನಾಡಿನ ಪಟ್ಟಣಗಳಲ್ಲೆಲ್ಲ ಸ್ಥಾಪಿಸಿದ ಹೋಟೆಲುಗಳು, ತೊಳೆದ ಲೋಟ, ಬಿಸಿಯಾದ ತಿಂಡಿ, ನಿಶ್ಚಿತವಾದ ಬೆಲೆ ಎಂಬ ಮೂರು ಶಿಸ್ತುಗಳನ್ನು ನಮಗೆ ಕಲಿಸಿದವು. ಅದಕ್ಕೂ ಮುನ್ನ ಪರಸ್ಥಳದಲ್ಲಿ ಊಟವೆಂದರೆ ಛತ್ರ, ಮಠ, ಇಲ್ಲವೇ ಜಾತಿಬಾಂಧವರ ಮನೆಯ ಜಗುಲಿ. ಇವು ಮೂರೂ ಇಲ್ಲದವನಿಗೆ ಬುತ್ತಿಯ ಗಂಟು. ಹೋಟೆಲು ಈ ಅವಲಂಬನೆಯನ್ನು ಕಾಸಿನ ವ್ಯವಹಾರವಾಗಿ ಮಾರ್ಪಡಿಸಿ ಹಸಿದವನಿಗೆ ಒಂದು ಬಗೆಯ ಸ್ವಾತಂತ್ರ್ಯವನ್ನು ಕೊಟ್ಟಿತು. ಆ ಸ್ವಾತಂತ್ರ್ಯವಾದರೂ ಎಲ್ಲರಿಗೂ ಒಮ್ಮೆಗೇ ದೊರಕಲಿಲ್ಲ: ಒಳಗಿನ ಮೇಜು ಕೆಲವರಿಗೆ, ಹೊರಗಿನ ಕಟ್ಟೆ ಕೆಲವರಿಗೆ, ಬೇರೆಯಾಗಿ ಇರಿಸಿದ ಲೋಟ ಇನ್ನು ಕೆಲವರಿಗೆ ಎಂಬ ಹೀನ ಪದ್ಧತಿ ಬಹುಕಾಲ ನಡೆದುಬಂದಿತು. ಸಂವಿಧಾನದ 15ನೆಯ ಅನುಚ್ಛೇದ ಸಾರ್ವಜನಿಕ ಉಪಾಹಾರಗೃಹಗಳ ಬಾಗಿಲನ್ನು ಸಕಲರಿಗೂ ತೆರೆಯಿತು; ತಡೆಯುವವನನ್ನು ದಂಡಿಸುವ ಕಾನೂನು 1955ರಲ್ಲಿ ಬಂದಿತು. ಇಂದು ಹೊನ್ನಾಳಿಯ ಹೋಟೆಲಿನ ಒಂದೇ ಬೆಂಚಿನ ಮೇಲೆ ಕೂತ ನಾಲ್ವರು ಒಬ್ಬರನ್ನೊಬ್ಬರು ಯಾವ ಕುಲವೆಂದು ಕೇಳದೆ ಬೈಟು ಚಹಾ ಹಂಚಿಕೊಳ್ಳುವರಾದರೆ, ಆ ಚಹಾದ ರುಚಿಯನ್ನು ಅಳೆಯುವವನು ಈ ಸಂಗತಿಯನ್ನು ಮರೆಯಲಾಗದು.

ದಾವಣಗೆರೆಯ ಬೆಣ್ಣೆ ದೋಸೆಯ ನೆರಳು ಈ ಊರುಗಳ ಮೇಲೆ ದಟ್ಟವಾಗಿ ಬಿದ್ದಿದೆ. ರೂಢಿಯಲ್ಲಿರುವ ವೃತ್ತಾಂತದಂತೆ, ಬೆಳಗಾವಿ ಸೀಮೆಯ ಬಿಡಕಿಯಿಂದ 1928ರಲ್ಲಿ ಮಕ್ಕಳೊಡನೆ ದಾವಣಗೆರೆಗೆ ಬಂದ ಚೆನ್ನಮ್ಮನೆಂಬ ಹೆಣ್ಣುಮಗಳು ನಾಟಕದ ಥಿಯೇಟರೊಂದರ ಎದುರಿಗೆ ರಾಗಿಯ ದೋಸೆಯನ್ನು ಹೊಯ್ದು ಮಾರುತ್ತಿದ್ದಳು. ಅವಳ ಮಕ್ಕಳು 1938ರ ಸುಮಾರಿಗೆ ಅಕ್ಕಿಯ ಹಿಟ್ಟನ್ನೂ ಬೆಣ್ಣೆಯನ್ನೂ ಕೂಡಿಸಿ ಇಂದಿನ ದೋಸೆಗೆ ಆಕಾರ ಕೊಟ್ಟರು. ಅಕ್ಕಿ ಉದ್ದುಗಳ ಜೊತೆಗೆ ಮಂಡಕ್ಕಿಯನ್ನೂ ರುಬ್ಬಿ ಹದಗೊಳಿಸಿದ ಆ ಹಿಟ್ಟು ಸೌದೆಯ ಒಲೆಯ ಹಂಚಿನ ಮೇಲೆ ಅಂಚಿನಲ್ಲಿ ಗರಿಯಾಗಿಯೂ ನಡುವೆ ಮೃದುವಾಗಿಯೂ ಬೇಯುತ್ತದೆ. ಅದರೊಡನೆ ಬರುವುದು ಸಪ್ಪೆಯೆನ್ನಿಸುವಷ್ಟು ಸಾಧುವಾದ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಇಷ್ಟೇ. ಸಾಂಬಾರು ಅದರ ಧರ್ಮಕ್ಕೆ ಹೊರಗು. ತಾಲ್ಲೂಕು ಊರುಗಳಲ್ಲಿ ಈ ಹೆಸರನ್ನು ಹೊತ್ತ ಹಲಗೆಗಳಿಗೆ ಕೊರತೆಯಿಲ್ಲ, ಆದರೆ ಹಲಗೆಯ ಕೆಳಗೆ ನಡೆಯುವ ಕೆಲಸ ಬಹುಮಟ್ಟಿಗೆ ಅನುಕರಣ. ಸೌದೆಯ ಬದಲು ಗ್ಯಾಸು, ಬೆಣ್ಣೆಯ ಬದಲು ಬೆಣ್ಣೆಯಂತೆ ಕಾಣುವ ಹಳದಿಯ ಪದಾರ್ಥ, ಗಿರಾಕಿಯ ಹಟಕ್ಕೆ ಮಣಿದು ಒಂದು ಬಟ್ಟಲು ಸಾಂಬಾರು. ಅನುಕರಣವೂ ಒಂದು ಕಲೆಯೆಂದು ಒಪ್ಪಿದರೂ, ಮೂಲವು ಸಮೀಪದಲ್ಲಿಯೇ ಇರುವಾಗ ಅದರ ದುರ್ಬಲ ಪ್ರತಿಯನ್ನು ಕೊಳ್ಳಬೇಕೆಂದು ಯಾರನ್ನೂ ಒತ್ತಾಯಿಸಲಾಗದು. ಇದಕ್ಕಿಂತ ನನಗೆ ವಿಚಿತ್ರವಾಗಿ ತೋರುವುದು ಇನ್ನೊಂದು: ರಾಗಿಯಿಂದ ಹುಟ್ಟಿದುದೆಂದು ಹೇಳಲಾಗುವ ಈ ಪ್ರಸಿದ್ಧಿ, ರಾಗಿ ದೋಸೆಯನ್ನೇ ಹೋಟೆಲುಗಳಿಂದ ಹೊರದೂಡಿತು.

ಈ ಅನುಕರಣದ ರೋಗ ತಗುಲದ ಒಂದು ಸ್ಥಳವುಂಟು, ಅದು ಮಂಡಕ್ಕಿಯ ಅಂಗಡಿ. ಹೋಟೆಲೆಂಬ ದೊಡ್ಡ ಹೆಸರು ಅದಕ್ಕೆ ಒಪ್ಪದು. ತಗಡಿನ ಮಾಡು, ಒಂದು ಬಾಣಲೆ, ಎರಡು ಬೆಂಚು, ಹಿಂಬದಿಯಲ್ಲಿ ನೀರಿನ ಡ್ರಮ್ಮು. ಉಪ್ಪುನೀರಿನಲ್ಲಿ ಹದಗೊಳಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಅರಳಿಸುವ ಭಟ್ಟಿಗಳು ದಾವಣಗೆರೆಯಲ್ಲಿ ಒಂದು ಬಡಾವಣೆಯನ್ನೇ ತುಂಬಿಕೊಂಡಿವೆ. ಅಲ್ಲಿಂದ ಚೀಲಗಳಲ್ಲಿ ಹೊರಟ ಮಂಡಕ್ಕಿ ಈ ಅಂಗಡಿಗಳಲ್ಲಿ ಎರಡು ರೂಪಗಳನ್ನು ತಾಳುತ್ತದೆ. ನೀರಿನಲ್ಲಿ ತೋಯಿಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಹುರಿಗಡಲೆಯ ಪುಡಿಯನ್ನು ಉದುರಿಸಿದರೆ ಒಗ್ಗರಣೆ ಮಂಡಕ್ಕಿ; ತೋಯಿಸದೆ ಗರಿಗರಿಯಾಗಿಯೇ ಇಟ್ಟು, ಬೆಳ್ಳುಳ್ಳಿಯ ವಾಸನೆ ಹಿಡಿದ ಎಣ್ಣೆ, ಖಾರದ ಪುಡಿ, ಹೆಚ್ಚಿದ ಈರುಳ್ಳಿ ಟೊಮೆಟೊಗಳೊಡನೆ ಬೆರೆಸಿದರೆ ನರ್ಗಿಸ್. ಬೆರೆಸುವವನ ಕೈಯನ್ನು ಒಮ್ಮೆ ನಿಂತು ನೋಡಬೇಕು. ಎಣ್ಣೆ ಬಿದ್ದ ಕ್ಷಣದಿಂದ ಮಂಡಕ್ಕಿ ಮೆತ್ತಗಾಗತೊಡಗುವುದರಿಂದ ಅವನಿಗೆ ಸಾವಧಾನವಿಲ್ಲ; ಟೊಮೆಟೊವನ್ನು ಕಡೆಯಲ್ಲಿ ಹಾಕಿ, ಪಾತ್ರೆಯನ್ನು ವಾರೆಯಾಗಿ ಹಿಡಿದು, ತಳದ ಖಾರ ಮೇಲೆ ಬರುವಂತೆ ಬೊಗಸೆಯಿಂದ ಎತ್ತಿ ಎತ್ತಿ ಹಾಕಿ, ಕಾಗದದ ಮೇಲೆ ಸುರಿದು, ಪಕ್ಕದಲ್ಲಿ ಆಗತಾನೇ ಬಾಣಲೆಯಿಂದ ತೆಗೆದ ಮೆಣಸಿನಕಾಯಿಯನ್ನಿಡುವನು. ಕಡಲೆಹಿಟ್ಟಿನ ಹೊದಿಕೆ ತೆಳುವಾಗಿರಬೇಕು, ಒಳಗಿನ ಕಾಯಿ ಬೆಂದಿದ್ದರೂ ಬಣ್ಣಗೆಟ್ಟಿರಬಾರದು, ಕಚ್ಚಿದರೆ ಖಾರಕ್ಕಿಂತ ಮೊದಲು ಉಪ್ಪು ನಾಲಗೆಗೆ ತಿಳಿಯಬೇಕು: ಇಷ್ಟೇ ಅದರ ಲಕ್ಷಣಶಾಸ್ತ್ರ. ಚನ್ನಗಿರಿಯ ಅಡಕೆ ಮಂಡಿಯ ಹಮಾಲನೂ, ಖೇಣಿ ಹಿಡಿದು ಲಕ್ಷಗಳಲ್ಲಿ ಮಾತಾಡುವ ವ್ಯಾಪಾರಿಯೂ, ಕಾಲೇಜಿನ ಹುಡುಗರೂ ಇಲ್ಲಿ ತಿನ್ನುವುದು ಇದನ್ನೇ, ಒಂದೇ ಬೆಲೆಗೆ. ಅಚ್ಚಿನ ಶಾಯಿಯಿರುವ ಹಳೆಯ ವೃತ್ತಪತ್ರಿಕೆಯಲ್ಲಿ ಎಣ್ಣೆಯ ತಿಂಡಿಯನ್ನು ಕಟ್ಟಿಕೊಡುವ ಅಭ್ಯಾಸವೊಂದು ಬಿಟ್ಟುಹೋದರೆ ನಾನು ಈ ಅಂಗಡಿಗೆ ಯಾವ ದೋಷವನ್ನೂ ಆರೋಪಿಸಲಾರೆ.

ಖಾನಾವಳಿಯ ಘನತೆ ಬೇರೆ ತೆರನಾದುದು. ಉತ್ತರದ ಜೋಳದ ಸೀಮೆಯಿಂದ ಇಳಿದುಬಂದ ಈ ಸಂಪ್ರದಾಯ ದಾವಣಗೆರೆಯಲ್ಲಿ ಬಲವಾಗಿ ನೆಲೆನಿಂತು, ಜಗಳೂರಿನ ಕಡೆಗೆ ತನ್ನ ಸಹಜಭೂಮಿಯನ್ನು ಕಂಡುಕೊಂಡಿದೆ. ಇಲ್ಲಿ ಅಡಿಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಿದ್ದರೂ ಮರೆಯಿಲ್ಲ. ರೊಟ್ಟಿ ತಟ್ಟುವ ಸದ್ದು ಉಣ್ಣುವವನ ಕಿವಿಗೆ ಬೀಳುತ್ತಿರುತ್ತದೆ, ಆ ಸದ್ದು ನಿಂತರೆ ಬಿಸಿ ರೊಟ್ಟಿ ಮುಗಿದಂತೆ. ತಟ್ಟೆಯಲ್ಲಿ ಎರಡು ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ ಅಥವಾ ಗುರೆಳ್ಳಿನ ಪುಡಿ, ಅದರ ಮೇಲೊಂದಿಷ್ಟು ಮೊಸರು, ಬದಿಗೆ ಹಸಿ ಈರುಳ್ಳಿ ಸೌತೆಕಾಯಿ; ಕಡೆಗೆ ಅನ್ನ ಸಾರು. ಈ ತಟ್ಟೆಯಲ್ಲಿ ಸುತ್ತಣ ಹೊಲಗಳ ಅರ್ಧ ಬೆಳೆ ಇದ್ದೇ ಇದೆ. ಹೋಟೆಲಿನ ಮೀಲ್ಸಿನಲ್ಲಿ ಅನ್ನವೇ ರಾಜ, ಪಲ್ಯ ಬರಿಯ ಶಾಸ್ತ್ರಕ್ಕೆ. ಖಾನಾವಳಿಯಲ್ಲಿ ಪಲ್ಯ ಕೆಟ್ಟರೆ ಊಟವೇ ಕೆಟ್ಟಂತೆ, ಏಕೆಂದರೆ ಜೋಳದ ರೊಟ್ಟಿ ತನ್ನಷ್ಟಕ್ಕೆ ತಾನು ಗಂಟಲಿಗಿಳಿಯುವ ವಸ್ತುವಲ್ಲ. ‘ಇನ್ನೊಂದು ಹಾಕಲೇನ್ರೀ’ ಎಂದು ಬಡಿಸುವ ಅಮ್ಮ ಕೇಳುವ ರೀತಿಯಲ್ಲಿ ಲೆಕ್ಕಕ್ಕಿಂತ ಅಕ್ಕರೆಯೇ ಮುಂದಾಗಿರುವುದನ್ನೂ ಹೇಳಬೇಕು. ಆದರೂ ಒಂದು ಕುಂದು: ಸೋಡ ಹಾಕಿದ ಪಲ್ಯವೂ, ಅತಿಯಾದ ಎಣ್ಣೆಯ ತೇಲುವಿಕೆಯೂ ಇತ್ತೀಚೆಗೆ ಹೆಚ್ಚುತ್ತಿವೆ, ಎಣ್ಣೆಗಾಯಿಯೆಂಬ ಹೆಸರನ್ನು ಅಡಿಗೆಯವರು ಅಕ್ಷರಶಃ ಗ್ರಹಿಸಬೇಕಾಗಿಲ್ಲ.

ಮಾಂಸಾಹಾರದ ಮಿಲಿಟರಿ ಹೋಟೆಲುಗಳ ವಿಷಯದಲ್ಲಿ ನಾನು ದೀರ್ಘವಾಗಿ ಬರೆಯಲು ಅಧಿಕಾರಿಯಲ್ಲ. ಬಲ್ಲವರು ಹೇಳುವ ಮಾತಿಷ್ಟು: ಮುದ್ದೆಯೂ ಸಾರೂ ಮಾಡುವ ಮನೆಯಂಥ ಜಾಗಗಳು ಉತ್ತಮ, ಬಿರಿಯಾನಿಯ ಬಣ್ಣದ ಹಲಗೆ ತೂಗುಹಾಕಿದವು ಮಧ್ಯಮ. ನದಿಯ ದಂಡೆಯ ಹೊನ್ನಾಳಿಯಲ್ಲಿಯೂ ಮಹಾಕೆರೆಯ ಸೀಮೆಯ ಚನ್ನಗಿರಿಯಲ್ಲಿಯೂ ಸಿಹಿನೀರಿನ ಮೀನಿನ ಅಡಿಗೆಗೆ ಇನ್ನೂ ಹೆಚ್ಚಿನ ಗೌರವ ಸಲ್ಲಬೇಕಿತ್ತೆಂದು ಅವರು ನೊಂದುಕೊಳ್ಳುವರು, ಮತ್ತು ಅದು ಯುಕ್ತವಾದ ನೋವು. ನ್ಯಾಮತಿಯ ವಿಚಾರದಲ್ಲಿ ಇದೇ ಬಗೆಯ ಪ್ರಶ್ನೆಯೊಂದನ್ನು ನಾನೂ ಎತ್ತಬಲ್ಲೆ. ಬಂಜಾರರ ಆರಾಧ್ಯಪುರುಷನಾದ ಸಂತ ಸೇವಾಲಾಲನ ಜನ್ಮಸ್ಥಳ ಸೂರಗೊಂಡನಕೊಪ್ಪ ಇದೇ ತಾಲ್ಲೂಕಿನಲ್ಲಿದೆ. ಫೆಬ್ರವರಿ ತಿಂಗಳಿನ ಜಯಂತಿಗೆ ನೆರೆಯ ರಾಜ್ಯಗಳಿಂದ ಜನ ಪ್ರವಾಹವಾಗಿ ಬರುತ್ತಾರೆ. ಅವರ ತಾಂಡಾಗಳ ಅಡಿಗೆಯ ಒಂದು ತುತ್ತಾದರೂ ನ್ಯಾಮತಿಯ ಹೋಟೆಲಿನ ಮೇಜಿಗೆ ಬಂದುದನ್ನು ನಾನು ಕಂಡಿಲ್ಲ. ಬಂದ ಯಾತ್ರಿಕನು ಇಲ್ಲಿಯೂ ಇಡ್ಲಿ ವಡೆಯನ್ನೇ ತಿಂದು ಹೋಗಬೇಕು.

ಸಂಜೆಯ ಗಾಡಿಗಳ ಗೋಬಿ ಮಂಚೂರಿಯನ್ನು ಒಂದೆರಡು ಮಾತಿನಲ್ಲಿ ಮುಗಿಸಬಹುದು. ಕೃತಕ ಬಣ್ಣ ಬೆರೆಸಿದ ಗೋಬಿಯನ್ನು ರಾಜ್ಯಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದ ಮೇಲೆ ಅದರ ಉಗ್ರವಾದ ಕೆಂಪು ಇಳಿಯಿತು. ಬಣ್ಣ ಹೋದೊಡನೆ, ಅದರಲ್ಲಿ ಹೂಕೋಸಿನ ರುಚಿ ಮೊದಲಿನಿಂದಲೂ ಇರಲಿಲ್ಲವೆಂಬ ಸತ್ಯ ಬಯಲಾಯಿತು. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುವುದನ್ನು ಮರುವರ್ಷ ತಡೆದುದೂ ಒಳ್ಳೆಯದಾಯಿತು. ಆದರೆ ಸಣ್ಣ ಊರಿನ ಅಡಿಗೆಮನೆಗೆ ಇಣುಕುವ ಅಧಿಕಾರಿ ಅಪರೂಪವಾದುದರಿಂದ, ಗಿರಾಕಿಯೇ ತಲೆಬಾಗಿಲಲ್ಲಿ ನಿಂತು ಇಡ್ಲಿಯ ಪಾತ್ರೆಯತ್ತ ಒಮ್ಮೆ ಕಣ್ಣು ಹಾಯಿಸುವುದು ಕ್ಷೇಮಕರ.

ರುಚಿಯನ್ನು ಬಿಟ್ಟು ಇನ್ನೆರಡು ಒರೆಗಲ್ಲುಗಳಿವೆ. ಮೊದಲನೆಯದು ನೀರು. ಜಗಳೂರಿನ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಅಧಿಕವೆಂಬುದು ಸರ್ವವಿದಿತ. ಅಲ್ಲಿ ಮೇಜಿನ ಮೇಲಿನ ಜಗ್ಗಿಗೆ ನೀರು ಎಲ್ಲಿಂದ ಬಂದಿತೆಂದು ಕೇಳುವುದು ಒಣಜಂಬವಲ್ಲ, ಕೇಳಿದಾಗ ಶುದ್ಧನೀರಿನ ಘಟಕದ ಕ್ಯಾನನ್ನು ತೋರಿಸುವ ಮಾಲೀಕನು ಚಟ್ನಿಯಲ್ಲಿ ಸ್ವಲ್ಪ ಸೋತರೂ ಕ್ಷಮ್ಯನು. ಎರಡನೆಯದು, ಹೆಂಗಸರಿಗೆ ಸಿಗುವ ಸ್ಥಾನ. ‘ಫ್ಯಾಮಿಲಿ ರೂಮ್’ ಎಂದು ಬರೆದ ಬಾಗಿಲಿನ ಹಿಂದಿರುವುದು ಬಹಳ ಕಡೆ ಗಾಳಿಯಿಲ್ಲದ ಒಂದು ಗೂಡು. ಮಾಸಿದ ಪರದೆ, ಅಡಿಗೆಮನೆಯ ಹೊಗೆ, ಮೂಲೆಯಲ್ಲಿ ಪೇರಿಸಿದ ಸೋಡಾ ಪೆಟ್ಟಿಗೆಗಳು, ಕರೆದರೆ ಕೇಳಿಸದ ಸಪ್ಲೈಯರು. ತಾಲ್ಲೂಕು ಕಚೇರಿಗೂ ಆಸ್ಪತ್ರೆಗೂ ಹಳ್ಳಿಗಳಿಂದ ಬೆಳಗಿನ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಸಂಜೆಯವರೆಗೆ ಹಸಿದೇ ಇದ್ದು ಮರಳುವುದಕ್ಕೆ ಬಡತನವೊಂದೇ ಕಾರಣವಲ್ಲ, ಈ ಗೂಡೂ ಕಾರಣ. ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟವೆಂದು 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಅನಂತರ ಇತರ ಊರುಗಳಿಗೂ ಹಬ್ಬಿದ ಇಂದಿರಾ ಕ್ಯಾಂಟೀನು, ಅಡಿಗೆಯ ದೃಷ್ಟಿಯಿಂದ ಸಾಧಾರಣವೇ ಆದರೂ, ಪರದೆಯಿಲ್ಲದ ಕಟ್ಟಡವೆಂಬ ಕಾರಣದಿಂದ ಮೆಚ್ಚತಕ್ಕದ್ದು.

ನನ್ನ ತೀರ್ಪನ್ನು ಕೇಳುವವರಿಗೆ ಕ್ರಮವನ್ನು ಹೇಳುತ್ತೇನೆ: ಮಧ್ಯಾಹ್ನಕ್ಕೆ ಖಾನಾವಳಿ, ಸಂಜೆಗೆ ಮಂಡಕ್ಕಿಯ ಅಂಗಡಿ, ಬೆಳಿಗ್ಗೆಗೆ ಪಡ್ಡು ಹಾಕುವ ಯಾವುದೇ ಗಾಡಿ, ದೊಡ್ಡ ಹಲಗೆಯ ಹೋಟೆಲು ಇವು ಮೂರೂ ಮುಚ್ಚಿದ ದಿನಕ್ಕೆ. ಹೋಟೆಲು ನಡೆಸುವವರಲ್ಲಿ ಒಂದು ವಿನಂತಿ: ಆ ಹಲಗೆಯ ಅಡಿಯಲ್ಲಿ ಇನ್ನೂ ಒಂದು ಸಾಲಿಗೆ ಜಾಗವಿದೆ, ವಾರಕ್ಕೊಂದು ದಿನವಾದರೂ ರಾಗಿ ದೋಸೆಯನ್ನೋ ನಿಮ್ಮ ಮನೆಯಲ್ಲಿ ನಿಮ್ಮ ತಾಯಿ ಮಾಡುತ್ತಿದ್ದ ಸಾರನ್ನೋ ಅಲ್ಲಿ ಬರೆಯಿರಿ. ಜಗಳೂರಿಗೆ ಹೋಗುವ ಓದುಗರು ಒಂದು ಗಂಟೆಗೆ ಮುಂಚೆಯೇ ಖಾನಾವಳಿಯನ್ನು ಸೇರುವುದು ಮೇಲು; ಎರಡರ ಮೇಲೆ ಬಂದವರಿಗೆ ಉಳಿದಿರುವುದು ಖಡಕ್ ರೊಟ್ಟಿ.